ನೆಲದಲ್ಲಿ ನಿಲ್ಲದ ದೀಪ

ಪಂಚಮಿ ಹಬ್ಬಕ್ಕೆ ಮಗಳು ಶೋಭಾ ಬೈಲಹೊಂಗಲದಿಂದ ತವರಿಗೆ ಬಂದಳು. ಈ ಸಲ ತುಸು ಮೊದಲೇ, ನಾಗರ ಅಮಾವಾಸ್ಯೆಯ ದಿನವೇ ಬಂದಳು. ಅವಳ ಜೊತೆಗೆ ನನ್ನ ಮೊಮ್ಮಗಳು ನೀಲಾ ಬಂದಳು. ಬಂದಳು ಅಂತ ಸುಮ್ಮನೆ ಬರೆದರೆ ಅವಳು ಬಂದ ಹಾಗೆ ಆಗುವುದಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜಿಗಿದು, ಒಂದು ಚಪ್ಪಲಿಯನ್ನು ಕೆಸರಿಗೆ ಕೊಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದು, "ಆಯಿ! ಆಯೀ!" ಎಂದು ಇಡೀ ಓಣಿಗೆ ಕೇಳುವ ಹಾಗೆ ಒದರುತ್ತ ಓಡಿ ಬಂದು ನನ್ನ ಸೊಂಟಕ್ಕೆ ಜೋತುಬಿದ್ದಳು. ಬೇರೆ ಅಜ್ಜಿಯರು ಮೊಮ್ಮಕ್ಕಳಿಗೆ ಒದರಬೇಡ ಅನ್ನುತ್ತಾರೆ, ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಒಂದು ದಿನವೂ ಹಾಗೆ ಅಂದವಳಲ್ಲ. ಇವಳು ಎಷ್ಟು ಒದರಿದರೂ ನನಗೆ ಇನ್ನೂ ಬೇಕು ಅನ್ನಿಸುತ್ತದೆ. ಯಾಕೆ ಅಂದರೆ ಇವಳು ಒದರದೆ ಮಲಗಿದ್ದ ಒಂದು ಮಳೆಗಾಲವನ್ನು ನಾನು ನೋಡಿದ್ದೇನೆ.

ಚೀಲದಲ್ಲಿ ಸಾಲಿಯ ಅಭ್ಯಾಸವನ್ನೂ ತಂದಿದ್ದಳು. ಇಂಗ್ಲಿಷ್ ಕಲಿಸುವ ಬಾಯಿಯವರು ಒಂದು ಶಬ್ದ ಕೊಟ್ಟು, ಅದಕ್ಕೆ ಮನೆಯಲ್ಲಿ ಏನೇನು ಅನ್ನುತ್ತಾರೆ ಕೇಳಿಕೊಂಡು ಬರ್ರಿ ಅಂದಿದ್ದರಂತೆ. ಶಬ್ದ ಡ್ಯಾಂಪ್. ನಾನು ಕಲಿತದ್ದು ಕನ್ನಡ ಸಾಲಿಯ ಮೂರನೆಯ ಇಯತ್ತೆ. ಓದಲು ಬರುತ್ತದೆ, ತಡೆದು ತಡೆದು ಬರೆಯಲೂ ಬರುತ್ತದೆ. ಇಂಗ್ಲಿಷಿನ ದಾರಿಗೆ ಹೋದವಳಲ್ಲ.

"ಹಂಗಂದ್ರ ಏನವಾ?" ಎಂದೆ.

"ಪೂರಾ ತೊಯ್ದಿರಬಾರದು, ಪೂರಾ ಒಣಗಿರಬಾರದು. ನಡುವ ಇರಬೇಕು. ಅದು ಡ್ಯಾಂಪ್."

"ಏನು? ಅರಿವಿಯೋ, ಗ್ವಾಡಿಯೋ?"

"ಯಾವದಾದ್ರೂ."

"ಎಲ್ಲಾದಕ್ಕೂ ಒಂದ ಮಾತು ಹೆಂಗ ಸಾಲತೈತಿ? ಅರಿವಿ ಆದ್ರ ಇನ್ನೂ ಹಸಿ ಅದಾವ ಅಂತೇವಿ. ಗ್ವಾಡಿ ಆದ್ರ ತೇವ ಹಿಡದೈತಿ. ಹಪ್ಪಳ ಆದ್ರ ಮೆತ್ತಗಾಗ್ಯಾವ. ಉಪ್ಪು ಆದ್ರ ನೀರ ಬಿಟ್ಟೈತಿ. ಕಡ್ಡಿಪೆಟಗಿ ಆದ್ರ ಥಂಡಿ ಹತ್ತೈತಿ. ಹೊಲದಾಗ ಅಷ್ಟ ಅದು ಚಲೋ ಸುದ್ದಿ. ಹಸಿ ಐತಿ, ಬಿತ್ತೂಣು ಅಂತೇವಿ."

"ಆಯಿ, ಸಾವಕಾಶ ಹೇಳ! ನನ್ನ ಕೈ ಏನ ಮಶೀನೇನು?" ಎಂದು ಬೈಯುತ್ತ ಬರೆದುಕೊಂಡಳು. ನನಗೋ ಹಿಗ್ಗು. ಮೂರನೆಯ ಇಯತ್ತೆಯವಳ ಮಾತು ಇಂಗ್ಲಿಷ್ ಸಾಲಿಗೆ ಹೋಗುತ್ತದಲ್ಲ ಎಂದು ಇನ್ನೂ ಏನೇನೋ ಹೇಳುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಳ್ಳಿಟ್ಟಿಗೆ ಹಿಟ್ಟು ಹುರಿಯುತ್ತಿದ್ದ ಶೋಭಾ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ನೋಡುತ್ತ, "ಇನ್ನೊಂದ ಅರ್ಥ ಐತಿ ನೋಡ. ಕಲ್ಲಿದ್ದಲ ಗಣಿಯಾಗ ನೆಲದ ಕೆಳಗ ನಿಂತ ಕೆಟ್ಟ ಗಾಳಿಗೂ ಇಂಗ್ಲಿಷರು ಇದ ಮಾತು ಅಂತಿದ್ರಂತ..." ಎಂದವಳು ಅಲ್ಲಿಗೇ ನಿಂತಳು. ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಿದಳು. ಬಾಣಲೆಯ ಹಿಟ್ಟು ಹೊತ್ತಿದ ವಾಸನೆ ಬಂದ ಮೇಲೆ ಅವಳು ಕೈ ಆಡಿಸಿದಳು.

"ಯಾಕ ಇಬ್ಬರೂ ಸುಮ್ಮನಾದ್ರಿ?" ಎಂದಳು ನೀಲಾ.

ಹಸಿಗೂ ಕೆಟ್ಟ ಗಾಳಿಗೂ ಒಂದೇ ಮಾತು ಇಟ್ಟವರು ಯಾರೋ, ನಮ್ಮ ಮನೆಗೆ ಬಂದು ಹೋದವರೇ ಇರಬೇಕು ಅನ್ನಿಸಿತು ನನಗೆ. ಇವಳು ಹುಟ್ಟಿದ ವರ್ಷ ಅವೆರಡೂ ಒಂದೇ ಬಾಗಿಲಿನಿಂದ ನಮ್ಮ ಮನೆಯೊಳಗೆ ಬಂದಿದ್ದವು.

ನಮ್ಮ ಊರು ರಾಮದುರ್ಗಕ್ಕೆ ಹತ್ತಿರ. ಮಲಪ್ರಭಾ ಹೊಳೆಯಿಂದ ಮೇಲೆ, ದಿನ್ನೆಯ ಮೇಲಿದೆ. ನಮ್ಮ ಕಡೆ ಮಳೆ ಅಂದರೆ ಅವಸರದ ಬೀಗರಿದ್ದ ಹಾಗೆ. ಬಂದು, ಮಾರಿ ತೋರಿಸಿ, ಚಹಾ ಕುಡಿಯದೆ ಹೋಗುತ್ತದೆ. ಆ ವರ್ಷ ಬಂದದ್ದು ಕುಳಿತೇ ಬಿಟ್ಟಿತು. ಮೇಲೆ ಕಿತ್ತೂರಿನ ಕಡೆ ಹೊಯ್ದ ಮಳೆಗೆ ಸವದತ್ತಿಯ ಹತ್ತಿರದ ಡ್ಯಾಮು ತುಂಬಿತು, ನೀರು ಬಿಟ್ಟರು, ಹೊಳೆ ಕೆಂಪಗೆ ಉಬ್ಬಿ ತಗ್ಗಿನ ಗೋವಿನಜೋಳವನ್ನೆಲ್ಲ ಮುಚ್ಚಿತು. ದಿನ್ನೆಯ ಅಂಚಿಗೆ ನಿಂತು ನಾವು ನೋಡುತ್ತಿದ್ದೆವು. ನಮ್ಮ ಮನೆಯ ತನಕ ಹೊಳೆ ಎಂದೂ ಬಂದಿಲ್ಲ, ಬರುವುದೂ ಇಲ್ಲ ಎಂದು ನಮ್ಮ ಯಜಮಾನರು ಎದೆ ತಟ್ಟಿ ಹೇಳುತ್ತಿದ್ದರು. ಅವರ ಮಾತು ಸುಳ್ಳಲ್ಲ. ಹೊಳೆ ಮೇಲಿಂದ ಬರಲಿಲ್ಲ. ಆದರೆ ಹಿತ್ತಲ ಬಾವಿಯ ನೀರು ಹಗ್ಗವೇ ಬೇಡ, ಬಗ್ಗಿ ಕೊಡದಲ್ಲಿ ಮೊಗೆಯಬಹುದು ಅನ್ನುವಷ್ಟು ಮೇಲೆ ಬಂದಿತ್ತು. ನೆಲದ ಕೆಳಗೆ ಹೊಳೆ ನಡೆದುಕೊಂಡು ಬರುತ್ತಿದೆ ಎಂದು ನಮಗೆ ಹೊಳೆಯಲಿಲ್ಲ.

ಅಂಥ ಮಳೆಯಲ್ಲೇ ಶೋಭಾಳ ಚೊಚ್ಚಲ ಹೆರಿಗೆ. ರಾಮದುರ್ಗದ ದವಾಖಾನೆಯಲ್ಲಿ ನೀಲಾ ಹುಟ್ಟಿದಳು. ಹುಟ್ಟಿದ ಕೂಡಲೇ ಎಂಥ ದನಿ ತೆಗೆದಳು ಅಂದರೆ, ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಯಜಮಾನರು ಗಾಬರಿಯಾಗಿ ಎದ್ದು ನಿಂತರು. ನರ್ಸಬಾಯಿ ನಗುತ್ತ ಬಂದು, "ಈಕಿ ಅತ್ತದ್ದು ಹೊಳಿ ಆಚಿಕಡಿಗೂ ಕೇಳೈತಿ" ಎಂದಳು. ನಾನು ಆ ಮಳೆಯಲ್ಲೇ ಕೊಡೆ ಹಿಡಿದು ಓಣಿಗೆಲ್ಲ ಸಕ್ಕರೆ ಹಂಚಿದೆ. ಸಕ್ಕರೆ ಅಂಗೈಯಲ್ಲೇ ಕರಗಿ ಜಿಗಿಯಾಗುತ್ತಿತ್ತು. ಜನ ನೆಕ್ಕಿಕೊಂಡೇ ಹರಸಿದರು.

ಬಾಣಂತಿಗೆ ಮನೆಯ ಹಿಂದಿನ ಕೋಣೆ. ಮಣ್ಣಿನ ದಪ್ಪ ಗೋಡೆ, ಒಂದು ಸಣ್ಣ ಬೆಳಕಿಂಡಿ. ಗಾಳಿ ಸೋಕಬಾರದು ಎಂದು ಅದಕ್ಕೆ ಗೋಣಿಚೀಲ ತುರುಕಿದೆವು. ಬಾಣಂತಿಗೆ ಹಗ್ಗದ ಹೊರಸು, ಹೊರಸಿನ ಕೆಳಗೆ ಕೆಂಡದ ಬೋಗುಣಿ. ಕೂಸಿಗೆ ಇನ್ನೂ ತೊಟ್ಟಿಲು ಹಾಕಿರಲಿಲ್ಲ. ಹೆಸರಿಟ್ಟು ತೊಟ್ಟಿಲಿಗೆ ಹಾಕುವ ತನಕ ನಮ್ಮಲ್ಲಿ ಕೂಸನ್ನು ನೆಲದ ಮೇಲೆ, ಮೊರದಲ್ಲಿ ಹಳೆಯ ಮೆತ್ತನೆ ಧೋತರ ಹಾಸಿ ಮಲಗಿಸುತ್ತೇವೆ. ತಲೆಯ ಕಡೆ ಒಂದು ದೀಪ ಇಡುತ್ತೇವೆ. ನಮ್ಮವ್ವ ನನಗೆ ಹಾಗೆ ಮಾಡಿದ್ದಳು, ನಾನು ಶೋಭಾಗೆ ಹಾಗೆ ಮಾಡಿದ್ದೆ.

ಒಂದು ಬೆಳಿಗ್ಗೆ ಕಸ ಗುಡಿಸಲು ಹೋದಾಗ ಆ ಕೋಣೆಯ ನೆಲದಲ್ಲಿ ಹಸಿ ಕಂಡೆ. ಮಳೆಗಾಲದಲ್ಲಿ ಹಸಿ ಎಲ್ಲಿ ಇರುವುದಿಲ್ಲ? ಆದರೆ ಇದು ದುಂಡಗಿತ್ತು. ರೊಟ್ಟಿಯ ಹಂಚಿಗಿಂತ ದೊಡ್ಡದು, ಗಾಡಿಯ ಗಾಲಿಗಿಂತ ಚಿಕ್ಕದು, ಯಾರೋ ಗೆರೆ ಕೊರೆದು ಅದರೊಳಗಷ್ಟೇ ನೀರು ಸವರಿದ ಹಾಗೆ. ಸುತ್ತ ನೆಲ ಒಣಗಿತ್ತು. ಬೂದಿ ಹಾಕಿದೆ, ಸಗಣಿ ಸಾರಿಸಿದೆ. ಮರುದಿನ ಅದೇ ದುಂಡು, ಅದೇ ಅಳತೆ. ಅಂಗೈ ಇಟ್ಟರೆ ತಣ್ಣಗಿರಲಿಲ್ಲ. ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಿತ್ತು.

"ಏನ್ರಿ, ಇಲ್ಲೆ ಬಂದ ನೋಡ್ರಿ" ಎಂದು ಯಜಮಾನರನ್ನು ಕರೆದೆ.

ಅವರು ನೋಡಿ, "ಮಳಿಗಾಲದಾಗ ನೆಲ ಹಸಿ ಆಗದ ಬೆಂಕಿ ಹತ್ತತೈತೇನು? ಮೊಮ್ಮಗಳು ಹುಟ್ಟಿದ್ದಕ್ಕ ನಿನಗ ತಲಿ ನಿಂತಿಲ್ಲ" ಎಂದು ನಕ್ಕು ಹೋದರು.

ನಕ್ಕದ್ದನ್ನು ಕೇಳಿ ಪಡಸಾಲೆಯಿಂದ ನಮ್ಮ ಅತ್ತೆ ಮಾತಾಡಿದರು. ಆಗ ಅವರಿಗೆ ಬಹಳ ವಯಸ್ಸು. ಕಣ್ಣು ಮಬ್ಬು, ನೆನಪು ಒಮ್ಮೆ ಇಲ್ಲಿ ಒಮ್ಮೆ ಎಲ್ಲೋ. ಇಡೀ ದಿನ ಕಂಬಳಿ ಹೊದ್ದು ಕಂಬಕ್ಕೆ ಒರಗಿ ಕೂತಿರುತ್ತಿದ್ದರು. "ಆಕಿ ಎಚ್ಚರಾಗ್ಯಾಳ" ಎಂದರು.

"ಯಾರ್ರಿ ಅತ್ತಿ? ಶೋಭಾ?"

"ಕೆಳಗ ಮಲಗಿದಾಕಿ. ಉಸರು ಬಿಡಾಕತ್ತಾಳ. ಕೇಳಸೂದಿಲ್ಲೇನು ನಿಮಗ?"

ಕೇಳಿಸಬಾರದಿತ್ತು, ಆದರೆ ಆ ಮಾತಿನ ಮೇಲೆ ನನಗೂ ಕೇಳಿಸಿತು. ಮಳೆ ತುಸು ಬಿಟ್ಟಾಗ, ಹೊರಸಿನ ಕೆಳಗಿಂದ, ನೆಲದ ಒಂದು ಬಿರುಕಿನಿಂದ, ಬಹಳ ಹೊತ್ತಿಗೊಮ್ಮೆ ಉಸ್ಸೆಂದು ಒಂದು ಸದ್ದು. ಅದರ ಹಿಂದೆಯೇ ಹುಳಿ ವಾಸನೆ, ಮಡಿಕೆಯಲ್ಲಿ ಮರೆತುಹೋದ ಜೋಳದ ಅಂಬಲಿಯ ಹಾಗೆ.

ಈಗ ಒಂದು ಮಾತು ಹೇಳಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಅಮಾವಾಸ್ಯೆ ಸಂಜೆಮುಂದೆ ಅತ್ತೆ ಅಲ್ಲಿ ಬರಿ ನೆಲದ ಮೇಲೆ ಒಂದು ದೀಪ ಇಡುತ್ತಿದ್ದರು. ಮಗ್ಗುಲಿಗೆ ಒಂದು ಹಿಡಿ ಜೋಳ. ದೀಪ ನೇರ ನಿಂತು ಉರಿಯುವ ತನಕ ಎದುರಿಗೆ ಕೂತು ನೋಡುತ್ತಿದ್ದರು, ಆಮೇಲೆ ಎದ್ದು ಹೋಗುತ್ತಿದ್ದರು. ಹೊಸದಾಗಿ ಬಂದವಳು ನಾನು ಯಾಕ್ರಿ ಎಂದು ಕೇಳಿದ್ದಕ್ಕೆ, "ಮನಿ ಪದ್ಧತಿ. ದೀಪ ಆರಿದ್ರ ಆ ಖೋಲ್ಯಾಗ ಕುಂದರಬ್ಯಾಡ, ಅಷ್ಟ ತಿಳಕೊ" ಎಂದಿದ್ದರು. ಅಷ್ಟೇ ತಿಳಕೊಂಡೆ. ಅವರ ಕಣ್ಣು ಹೋದ ಮೇಲೆ ಆ ದೀಪ ನನ್ನ ಕೈಗೆ ಬಂತು. ಇಷ್ಟು ವರ್ಷ ಅದು ಒಂದು ಸಲವೂ ಆರಿರಲಿಲ್ಲ.

ಆ ವರ್ಷದ ನಾಗರ ಅಮಾವಾಸ್ಯೆಯಂದು ಆರಿತು.

ಮತ್ತೆ ಹಚ್ಚಿದೆ, ಮತ್ತೆ ಆರಿತು. ಯಜಮಾನರು ಬಂದು ಬತ್ತಿ ಮುಟ್ಟಿ, "ಬತ್ತಿ ಥಂಡಿ ಹಿಡದೈತಿ" ಎಂದರು. ಅರಳೆಯನ್ನು ಒಲೆಯ ಮುಂದೆ ಕಾಯಿಸಿ ಹೊಸ ಬತ್ತಿ ಹೊಸೆದೆ. ಆರಿತು. "ಎಣ್ಯಾಗ ನೀರ ಕೂಡೈತಿ" ಎಂದು ಎಣ್ಣೆ ಬದಲಿಸಿದರು. ಆರಿತು. "ಕಡ್ಡಿ ಮೆತ್ತಗಾಗ್ಯಾವ" ಎಂದು ಕಡ್ಡಿಪೆಟ್ಟಿಗೆಯನ್ನು ಬಾಣಲೆಯ ಮೇಲಿಟ್ಟು ಬಿಸಿ ಮಾಡಿ ತಂದರು. ಕಡ್ಡಿ ಚೆನ್ನಾಗಿಯೇ ಹತ್ತಿತು, ದೀಪಕ್ಕೆ ಮುಟ್ಟಿಸಲು ಬಗ್ಗಿದ ಕೂಡಲೇ ಸತ್ತಿತು. ಗಾಳಿಗೆ ಆರುವ ದೀಪ ಹೇಗಿರುತ್ತದೆ ನಮಗೆ ಗೊತ್ತಿದೆ. ಅದು ಬಾಗುತ್ತದೆ, ಹೊಯ್ದಾಡುತ್ತದೆ, ಉಳಿಯಲು ನೋಡುತ್ತದೆ. ಇದು ಹಾಗಲ್ಲ. ಸಣ್ಣದಾಗುತ್ತ ಬಂದು, ಬತ್ತಿಯ ತುದಿ ಬಿಟ್ಟು ಕೂದಲೆಳೆಯಷ್ಟು ಮೇಲೆದ್ದು, ಯಾರೋ ಎರಡು ಬೆರಳಿನಲ್ಲಿ ಮೆಲ್ಲಗೆ ಚಿವುಟಿದ ಹಾಗೆ ಇಲ್ಲವಾಗುತ್ತಿತ್ತು. ಕಡೆಗೆ ಗೋಡೆಯ ಗೂಡಿನಲ್ಲಿ ಇಟ್ಟೆ. ಅಲ್ಲಿ ನೆಟ್ಟಗೆ ಉರಿಯಿತು. "ನೋಡಿದೀ? ನೆಲದ ಥಂಡಿ" ಎಂದರು ಯಜಮಾನರು. ಅತ್ತೆಯ ಹಳೆಯ ಮಾತು ನೆನಪಾದರೂ ಇದೇ ಸರಿ ಅನ್ನಿಸಿತು, ಕೂಸಿನ ತಲೆಯ ಕಡೆಯ ದೀಪವನ್ನೂ ಗೂಡಿಗೇ ಏರಿಸಿದೆ.

ಆ ಮಳೆಗಾಲದಲ್ಲಿ ಎಲ್ಲದಕ್ಕೂ ಅದೊಂದೇ ಉತ್ತರ. ಹೊರಸಿನ ಕೆಳಗಿನ ಕೆಂಡ ಹಾಕಿದ ಅರೆಗಳಿಗೆಗೆ ಕರ್ರಗಾಗುತ್ತಿತ್ತು, ಕುಳ್ಳು ಹಸಿ ಅಂದೆವು. ಬಾಣಂತಿ ಕೋಣೆಯ ಕಾವಿಗೆ ಬಂದು ಮಲಗುತ್ತಿದ್ದ ಬೆಕ್ಕು ಹೊಸ್ತಿಲ ತನಕ ಬಂದು, ಬೆನ್ನು ಎತ್ತಿ, ಹಿಂದೆ ಸರಿದು ಹೋಗುತ್ತಿತ್ತು. ಕಾಲಿಗೆ ಹಸಿ ಹತ್ತುತ್ತದೆ ಅಂದೆವು. ಇರುವೆಗಳು ನೆಲ ಬಿಟ್ಟು ಗೋಡೆಯ ಮೇಲೆ ಸಾಲು ಹಿಡಿದಿದ್ದವು. ಒಂದು ಬೆಳಿಗ್ಗೆ ಗೋಡೆಯ ಬುಡಕ್ಕೆ ಜಿರಲೆಗಳು ಸಾಲಾಗಿ ಅಂಗಾತ ಬಿದ್ದಿದ್ದವು. ಗುಡಿಸಿ ಚೆಲ್ಲಿದೆ.

ಶೋಭಾ ತಲೆನೋವು ಅನ್ನುತ್ತಿದ್ದಳು. ಊಟದ ತಾಟಿನ ಮುಂದೆ ಕೂತೇ ತೂಕಡಿಸುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಯವ್ವಾ, ಮಲಗಿದ್ರ ಎದಿ ಮ್ಯಾಲ ಯಾರೋ ಬಂದ ಕುಂತಂಗ ಆಗತೈತಿ. ಹೆಣಮಗಳ ಅದಾಳ. ಮಾರಿ ಕಾಣೂದಿಲ್ಲ" ಎಂದಳು. ನಾನು ಅವಳ ತಲೆಗೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದೆ. ಮೆಣಸಿನಕಾಯಿ ಚಟಪಟ ಅನ್ನಲಿಲ್ಲ. ಅವೂ ಮೆತ್ತಗಾಗಿದ್ದವು.

ಇನ್ನು ಕೂಸು. ಹೊಳೆಯ ಆಚೆಗೆ ಕೇಳುವಂತೆ ಅತ್ತ ಕೂಸು ಸುಮ್ಮನಾಗುತ್ತ ಬಂತು. ಹಾಲು ಕುಡಿಯುವುದು ಕಡಿಮೆ, ನಿದ್ದೆಯೇ ಹೆಚ್ಚು. ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಎಂಥಾ ಶ್ಯಾಣ್ಯಾ ಕೂಸವಾ, ಬಾಣಂತಿಗೆ ಒಂದೀಟೂ ತ್ರಾಸ ಕೊಡೂದಿಲ್ಲ" ಅನ್ನುವರು. ಪಂಚಮಿ ಕಳೆದ ಮೇಲೆ ತೊಟ್ಟಿಲು ಇಟ್ಟುಕೊಂಡಿದ್ದೆವು. ಅದಕ್ಕಾಗಿ ಶೋಭಾಳ ಅತ್ತೆ, ನನ್ನ ಬೀಗತಿ ಶಾಂತವ್ವ, ಸೇತುವೆ ಮುಳುಗುವ ಮೊದಲು ಮುಟ್ಟಬೇಕೆಂದು ಬೈಲಹೊಂಗಲದಿಂದ ಮುಂಚೆಯೇ ಬಂದಿದ್ದರು. ಅವರಿಗೂ ಹೆಮ್ಮೆ.

"ನಮ್ಮ ಮನಿತನದ ಗುಣ ನೋಡ್ರಿ. ನಮ್ಮಾಂವನೂ ಸಣ್ಣಾಂವ ಇದ್ದಾಗ ಅಳತಿದ್ದಿಲ್ಲ" ಎಂದರು.

"ನಿಮ್ಮ ಮಗ ಈಗರೇ ಎಲ್ಲೆ ಬಾಯಿ ಬಿಡತಾನ್ರಿ? ಹೆಣ್ಣ ನೋಡಾಕ ಬಂದಾಗ ಮೂಕ ಅದಾನೇನೋ ಅಂತ ನಾವು ಹೆದರಿದ್ವಿ" ಎಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಕೂಸು ಆ ಗದ್ದಲಕ್ಕೂ ಕಣ್ಣು ತೆರೆಯಲಿಲ್ಲ.

ನಗದವಳು ಹಜರತಬಿ ಒಬ್ಬಳೇ. ಅವಳು ನಮ್ಮ ಪಕ್ಕದ ಮನೆಯವಳು. ಓಣಿಯ ಕೂಸುಗಳಿಗೆಲ್ಲ ನೀರು ಎರೆಯುವ ಕೈ ಅವಳದು. ಅವಳ ಮಗ ಖಾಸೀಮ ಟೆಂಪೋ ಹೊಡೆಯುತ್ತಾನೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತ ಅವಳು ಅಂದಳು:

"ಅಕ್ಕಾ, ಒಂದ ಮಾತು. ನಾ ನೀರ ಹಾಕಿದಾಗ ಹ್ಞೂಂ ಅಂತ ಮುಲಗತೈತಿ, ಇಲ್ಲೆ ಹೊತ್ತಾದ್ರ ಅಳಾಕೂ ನೋಡತೈತಿ. ಒಳಗ ಒಯ್ದ ಮಲಗಿಸಿದ ಕೂಡಲೆ ಸುಮ್ಮನಾಗತೈತಿ. ದಿನಾ ಹಿಂಗ. ಏನೋ ನನಗ ಛಲೋ ಅನಸವಲ್ದು."

"ಎರಕೊಂಡ ಕೂಸಿಗೆ ನಿದ್ದಿ ಬರೂದು ಖರೇನ ಅಲ್ಲೇನ ಹಜರತಬಿ" ಎಂದೆ. ಅಂದೆನಾದರೂ ಆ ಮಾತು ಕಿವಿಯಲ್ಲಿ ಉಳಿಯಿತು.

ಕೂಸನ್ನು ಒರೆಸಿ, ಒಳಗೆ ಒಯ್ದು, ಮೊರದಲ್ಲಿ ಮಲಗಿಸಿದೆ. ಶೋಭಾ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಲೋಬಾನದ ಹೊಗೆ ಹಾಕೋಣ ಎಂದು ನಿಂತುಕೊಂಡೇ ಕಡ್ಡಿ ಗೀರಿದೆ. ಚೆನ್ನಾಗಿ ಹತ್ತಿತು. ನೆಲದ ಮೇಲಿನ ಲೋಬಾನಕ್ಕೆಂದು ಬಗ್ಗಿದೆ. ಮೊಣಕಾಲಿನ ಹತ್ತಿರ ಬರುತ್ತಲೂ ಆರಿತು. ಇನ್ನೊಂದು ಗೀರಿದೆ, ಮೆಲ್ಲಗೆ ಇಳಿಸಿದೆ. ಅದೇ ಜಾಗದಲ್ಲಿ ಸತ್ತಿತು. ಮೂರನೆಯದು ಗೀರಿ ಇಳಿಸಿ, ಉರಿ ಸಣ್ಣದಾಗುತ್ತಲೂ ಮೇಲೆತ್ತಿದೆ. ಮತ್ತೆ ಅರಳಿತು. ಕಣ್ಣಿಗೆ ಕಾಣದ ಒಂದು ಗೆರೆ ಇತ್ತು ಅಲ್ಲಿ, ನಿಂತ ನೀರಿಗೆ ಇರುವ ಹಾಗೆ. ಅದರ ಮೇಲೆ ಬೆಂಕಿ ಬದುಕುತ್ತಿತ್ತು, ಅದರ ಕೆಳಗೆ ಮುಳುಗುತ್ತಿತ್ತು. ನನ್ನ ಕೂಸಿನ ಮೊರ ಆ ಗೆರೆಯ ಕೆಳಗಿತ್ತು.

ಆಗ ನನಗೆ ನಮ್ಮಪ್ಪನ ಅಂಗಳ ಕಣ್ಣಿಗೆ ಬಂತು. ನನ್ನ ತವರು ಸವದತ್ತಿಯ ಕಡೆಯ ಹೂಲಿ. ಅಲ್ಲಿ ನಮ್ಮದೊಂದು ಹಗೇವು ಇತ್ತು. ನೆಲದೊಳಗೆ ಗಡಿಗೆಯ ಆಕಾರದಲ್ಲಿ ಆಳಕ್ಕೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಹಾಕುವ ಕಣಜ. ಅದನ್ನು ತೆಗೆಯುವ ದಿನ ಅಪ್ಪ ಕಲ್ಲು ಸರಿಸಿ, ನಮ್ಮನ್ನೆಲ್ಲ ದೂರ ನಿಲ್ಲಿಸುತ್ತಿದ್ದ. ಒಳಗಿಂದ ಬೆಚ್ಚನೆಯ ಹುಳಿ ಉಸಿರು ಬರುತ್ತಿತ್ತು. ಅದು ಹೋಗುವ ತನಕ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದ. ಕಂದೀಲು ಉರಿಯುತ್ತಲೇ ಮೇಲೆ ಬಂದರಷ್ಟೇ ಮನುಷ್ಯ ಇಳಿಯಬೇಕು. ಅದೇ ವಾಸನೆ ಇದು. ಅದೇ ಉಸಿರು. ನೆಲದ ಮೇಲಿನ ಆ ದುಂಡು ಹಸಿ ಹಗೇವಿನ ಬಾಯಿ. ಕೆಳಗೆ ಏರಿದ ನೀರು ಅದರೊಳಗಿನ ಕೆಟ್ಟ ಗಾಳಿಯನ್ನು ಮೇಲೆ ದೂಡುತ್ತಿತ್ತು.

ಮೊರ ಸಮೇತ ಕೂಸನ್ನು ಎತ್ತಿ ಮನೆಯ ಹೊರಬಾಗಿಲಿಗೆ ಬಂದೆ. ಬೀಗತಿ ಎದುರಾದರು.

"ಎಲ್ಲಿಗ್ರಿ? ಹೆಸರಿಲ್ಲದ ಕೂಸು ಹೊಸ್ತಿಲ ದಾಟಸ್ತೀರೇನು? ಅದೂ ಈ ಮಳ್ಯಾಗ? ಗಾಳಿ ಸೋಕಿದ್ರ ಏನ ಮಾಡೂದು!"

"ಗಾಳಿ ಒಳಗ ಐತ್ರಿ ಅಕ್ಕಾರ. ಸರೀರಿ."

"ನೋಡ್ರಿ, ಇದು ನಮ್ಮ ಮನೀ ಕೂಸು. ನಾ ಬಿಡೂದಿಲ್ಲ" ಎಂದು ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರದು ತಪ್ಪಲ್ಲ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಹಾಗೇ ನಿಲ್ಲುತ್ತಿದ್ದೆ. ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದನ್ನು ಹೊಸ್ತಿಲ ಬೆಳಕಿನಲ್ಲಿ ನೋಡಿದೆ.

ಆಗ ಪಡಸಾಲೆಯಿಂದ ಒಂದು ಕೂಗು ಎದ್ದಿತು. ಅತ್ತೆ. ವರ್ಷಗಟ್ಟಲೆ ಪಿಸುಮಾತಿನಲ್ಲೇ ಇದ್ದವರು ಕಂಬಳಿ ಒಗೆದು, ಕಂಬ ಹಿಡಿದು ಎದ್ದು ನಿಂತಿದ್ದರು. ಮಬ್ಬು ಕಣ್ಣು ನನ್ನ ಕಡೆಗೇ ಇತ್ತು, ಆದರೆ ಕರೆದದ್ದು ನನ್ನನ್ನಲ್ಲ.

"ನೀಲವ್ವಾ! ಇನ್ನೂ ದೀಪ ಇಳಿಸಿಲ್ಲ! ಹೊರಗ ಬಾರ ನೀಲವ್ವಾ, ಹೊರಗ ಬಾ! ಬುಟ್ಟಿ ಹೋದ್ರ ಹೋಗಲಿ ಬಾ!"

ಅದು ಮುದುಕಿಯ ದನಿ ಆಗಿರಲಿಲ್ಲ. ಹರೆಯದ ಹೆಣ್ಣುಮಗಳ ದನಿ. ಬೀಗತಿಯ ಕೈ ತಾನಾಗಿಯೇ ಚೌಕಟ್ಟಿನಿಂದ ಕಳಚಿತು. ನಾನು ದಾಟಿ ಅಂಗಳಕ್ಕೆ ಬಂದು ಮಳೆಯಲ್ಲಿ ನಿಂತೆ. "ಶೋಭಾನ್ನ ಹೊರಗ ತರ್ರೀ!" ಎಂದು ಒದರಿದೆ. ಯಜಮಾನರು ಏನು ಎತ್ತ ಎಂದು ಕೇಳದೆ ಓಡಿದರು.

ಮಳೆಯ ಹನಿ ಕೂಸಿನ ಹಣೆಯ ಮೇಲೆ ಬಿತ್ತು. ಮೂಗಿನ ಮೇಲೆ ಬಿತ್ತು. ಕೂಸು ಅಲುಗಲಿಲ್ಲ. ಒಣಗಿದ ಅರಿವೆಯಲ್ಲಿ ಸುತ್ತಿದ ಒಂದು ಹಸಿ ಮಣ್ಣಿನ ಗೊಂಬೆ ನನ್ನ ಕೈಯಲ್ಲಿತ್ತು. ಹಜರತಬಿ ಬಚ್ಚಲಿನಿಂದ ಓಡಿ ಬಂದು ಅದರ ಅಂಗಾಲು ತಿಕ್ಕಿದಳು, ಬೆನ್ನು ತಟ್ಟಿದಳು, "ಅಳ ನನ್ನವ್ವಾ, ಅಳ" ಎಂದು ಬೇಡಿಕೊಂಡಳು. ಬೀಗತಿ ಕೂಡ ಮಳೆಗೆ ಬಂದು ನಿಂತಿದ್ದರು, ಅವರ ತುಟಿಯೂ ಅಳ, ಅಳ ಅನ್ನುತ್ತಿತ್ತು. ಮೂರು ಮುದುಕಿಯರು ಒಂದು ಕೂಸನ್ನು ಅಳು ಎಂದು ಬೇಡುವುದನ್ನು ನೀವು ಎಲ್ಲಿ ನೋಡಿದ್ದೀರಿ?

ಒಂದು ಹನಿ ತೆರೆದ ಬಾಯಿಯೊಳಗೆ ಬಿತ್ತು. ಕೂಸು ಕೆಮ್ಮಿತು. ಮುಖ ಗಂಟಾಯಿತು. ಆಮೇಲೆ ಹೊರಟಿತು ನೋಡಿ ಆ ದನಿ! ನರ್ಸಬಾಯಿ ಹೇಳಿದ ದನಿ, ಹೊಳೆಯ ಆಚೆಗೆ ಕೇಳುವ ದನಿ. ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಮಳೆಯಲ್ಲಿ ಯಾರಿಗೆ ಗೊತ್ತಾಗಬೇಕು? ಯಜಮಾನರ ಹೆಗಲ ಮೇಲೆ ಒರಗಿ ಹೊರಬಂದ ಶೋಭಾ ಆ ದನಿಗೇ ಕಣ್ಣು ತೆರೆದಳು.

ಖಾಸೀಮ ಟೆಂಪೋದಲ್ಲಿ ತಾಡಪಾಲು ಕಟ್ಟಿ ಇಬ್ಬರನ್ನೂ ರಾಮದುರ್ಗಕ್ಕೆ ಒಯ್ದ. ಡಾಕ್ಟರು ಎಲ್ಲವನ್ನೂ ಕೇಳಿ, "ಆ ಖೋಲಿಗೆ ಇನ್ನ ಯಾರೂ ಹೋಗಬ್ಯಾಡ್ರಿ" ಎಂದಷ್ಟೇ ಹೇಳಿ, ಕೂಸಿನ ಕೆನ್ನೆ ಮುಟ್ಟಿದರು. ತಿರುಗಿ ಬಂದ ಮೇಲೆ ಬಾಣಂತನ ಹಜರತಬಿಯ ಮನೆಯಲ್ಲೇ ಆಯಿತು. ಅವಳ ಮನೆಯ ನೆಲ ಎತ್ತರ, ಕಿಟಕಿ ದೊಡ್ಡವು.

ಅಲ್ಲಿ ಅತ್ತೆ, ನೆನಪು ತಿಳಿಯಾಗಿದ್ದ ಒಂದು ಮಧ್ಯಾಹ್ನ, ಹೇಳಿದರು. ನೀಲವ್ವ ಅವರ ನೆಗೆಣ್ಣಿ, ದೊಡ್ಡ ಮೈದುನನ ಹೆಂಡತಿ. ಇಬ್ಬರೂ ಒಂದೇ ವರ್ಷ ಈ ಮನೆಗೆ ಸೊಸೆಯಾಗಿ ಬಂದವರು. ಆಗ ಆ ಜಾಗ ಅಂಗಳ, ಅಲ್ಲಿ ಹಗೇವು. ಅದನ್ನು ತೆಗೆದ ಬೆಳಿಗ್ಗೆ ಗಂಡಸರು ಕಂದೀಲು ತರಲು ಒಳಗೆ ಹೋಗಿದ್ದರು. ನೀಲವ್ವನ ಕೈಯ ಬುಟ್ಟಿ ಜಾರಿ ಒಳಗೆ ಬಿತ್ತು. ಹೊಸ ಬುಟ್ಟಿ, ತವರಿನಿಂದ ತಂದದ್ದು. ಅತ್ತೆ ಬೇಡ ಅನ್ನುವಷ್ಟರಲ್ಲಿ ಇಳಿದಿದ್ದಳು. "ಬಗ್ಗಿ ಬುಟ್ಟಿ ಹಿಡದಳು. ಮಲಗಿದಂಗ ಮಲಗಿ ಬಿಟ್ಟಳು. ನಾ ಒದರಿದೆ, ಆಕಿಗೆ ಕೇಳಸಲಿಲ್ಲ" ಎಂದರು ಅತ್ತೆ. ಅವಳನ್ನು ಮೇಲೆ ತೆಗೆದ ಮೇಲೆ ಆ ಜೋಳವನ್ನು ಉಣ್ಣಲು ಯಾರಿಗೂ ಮನಸ್ಸಾಗಲಿಲ್ಲ. ಹಾಗೇ ಬಿಟ್ಟು ಬಾಯಿ ಮುಚ್ಚಿದರು. ಮುಂದೆ ಅಣ್ಣತಮ್ಮಂದಿರ ಆಸ್ತಿ ವಾಟ್ನಿಯಲ್ಲಿ ಆ ಅಂಗಳ ನಮ್ಮ ಮಾವನವರ ಪಾಲಿಗೆ ಬಂತು, ಅದರ ಮೇಲೆ ಕೋಣೆ ಎದ್ದಿತು. ಹಗೇವಿನ ಮಾತು ಮನೆಯಲ್ಲಿ ಆಡಬಾರದು ಎಂದಾಯಿತು. ಆಡದೇ ಇದ್ದುದಕ್ಕೆ ಮರೆತರು. ಅತ್ತೆಯೊಬ್ಬರು ಪ್ರತಿ ಅಮಾವಾಸ್ಯೆ, ಅಂದು ಇಳಿಸಲಾಗದ ದೀಪವನ್ನು ಅಲ್ಲಿ ಇಡುತ್ತ ಬಂದಿದ್ದರು.

ತೊಟ್ಟಿಲು ಹಜರತಬಿಯ ಪಡಸಾಲೆಯಲ್ಲಿ ತೂಗಿತು. ಹೆಸರಿಡಬೇಕಾದ ಸೋದರತ್ತೆಗೆ ನೀರಿನ ದೆಸೆಯಿಂದ ಬರಲಾಗಲಿಲ್ಲ. ಬೀಗತಿಯೇ ಕೂತರು. ಮೊಬೈಲಿನಲ್ಲಿ ಹುಡುಕಿ ಒಂದು ಚೆಂದದ ಹೆಸರನ್ನು ಆರಿಸಿಕೊಂಡು ಬಂದಿದ್ದರು. ಆದರೆ ಕೂಸಿನ ಕಿವಿಗೆ ಬಾಯಿ ಇಟ್ಟವರು ಒಮ್ಮೆ ನಮ್ಮ ಅತ್ತೆಯ ಕಡೆ ನೋಡಿದರು. ಆಮೇಲೆ ಗಟ್ಟಿಯಾಗಿಯೇ "ನೀಲಾ" ಎಂದರು. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನು ಅವರ ಕಾಲು ಮುಟ್ಟಲು ಹೋದರೆ, "ಸುಮ್ಮನ ಕುಂದರ್ರಿ, ಹೊಸ್ತಿಲದಾಗ ಅಡ್ಡ ನಿಂತಾಕಿ ನಾ, ನನ್ನ ಕಾಲ ಯಾಕ ಮುಟ್ಟತೀರಿ" ಎಂದರು.

ಚಳಿಗಾಲ ಬಂದು ಬಾವಿಯ ನೀರು ಇಳಿದ ಮೇಲೆ ಯಜಮಾನರೂ ಖಾಸೀಮನೂ ಆ ಕೋಣೆಯ ಮಾಳಿಗೆ ಕೆಡವಿ, ನೆಲ ಅಗೆದು, ಕಲ್ಲು ಸರಿಸಿದರು. ಇಳಿಸಿದ ಕಂದೀಲು ಎಷ್ಟೋ ದಿನ ಆರುತ್ತಲೇ ಇತ್ತು. ಕಡೆಗೊಂದು ದಿನ ಉರಿಯುತ್ತ ಮೇಲೆ ಬಂತು. ಆಗ ಖಾಸೀಮ ಇಳಿದ. ಜೋಳವೆಲ್ಲ ಕರ್ರಗೆ ಒಂದೇ ಗಡ್ಡೆಯಾಗಿತ್ತು. ಅದರ ಮೇಲೆ ಒಂದು ಬುಟ್ಟಿ. ಬೋರಲು ಬಿದ್ದಿರಲಿಲ್ಲ, ಮಗ್ಗುಲಾಗಿರಲಿಲ್ಲ. ಈಗ ತಾನೇ ಯಾರೋ ಕೆಳಗಿಟ್ಟು ಸೆರಗು ಸರಿ ಮಾಡಿಕೊಳ್ಳಲು ನಿಂತ ಹಾಗೆ ನೆಟ್ಟಗೆ ಕೂತಿತ್ತು. ಇಷ್ಟು ವರ್ಷದ ಬಿದಿರು ಮುಟ್ಟಿದರೆ ಉದುರಬೇಕಿತ್ತು. ಉದುರಲಿಲ್ಲ. ತೇವವಾಗಿತ್ತು, ಬೆಚ್ಚಗಿತ್ತು. ಅತ್ತೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಸಂಜೆಯ ತನಕ ಕೂತಿದ್ದರು. ಆಮೇಲೆ ಹೊಳೆಗೆ ಬಿಡಲು ಕೊಟ್ಟರು. ಮುಂದಿನ ಮಳೆಗಾಲದ ಹೊತ್ತಿಗೆ ಅವರೂ ಹೋದರು.

ಹಗೇವಿಗೆ ಕಲ್ಲು, ಗರಸು ತುಂಬಿದ್ದೇವೆ. ಆ ಜಾಗ ಈಗ ಮತ್ತೆ ಬಯಲು ಅಂಗಳ. ಅಮಾವಾಸ್ಯೆಯ ದೀಪ ಮಾತ್ರ ನಾನು ಬಿಟ್ಟಿಲ್ಲ.

ಈ ಸಂಜೆ ಮಳೆ ತುಸು ಬಿಟ್ಟಿತ್ತು. ಮೋಡದ ಕೆಳಗೆ ಗಾಳಿಯೇ ಇರಲಿಲ್ಲ. ಹಸಿ ನೆಲದ ಮೇಲೆ ದೀಪ ಇಟ್ಟು, ಮಗ್ಗುಲಿಗೆ ಜೋಳ ಹಾಕಿ ಕೂತೆ. ಇಷ್ಟೆಲ್ಲ ಕೇಳಿಸಿಕೊಂಡ ನೀಲಾ ನನ್ನ ಹಿಂದೆಯೇ ಬಂದಳು. ಹೆದರುತ್ತಾಳೇನೋ, ಯಾಕಾದರೂ ಹೇಳಿದೆನೋ ಎಂದು ನನ್ನ ಜೀವ ಮಿಡುಕುತ್ತಿತ್ತು. ಅವಳು ದೀಪದ ಮುಂದೆ ಬೋರಲು ಮಲಗಿಬಿಟ್ಟಳು, ಲಂಗವೆಲ್ಲ ಕೆಸರು.

"ಏಳವಾ, ಅರಿವಿ ಹಸಿ ಆಗತಾವ."

"ಆಗಲಿ. ಅದು ಡ್ಯಾಂಪ್" ಎಂದಳು. ಕೆನ್ನೆಯನ್ನು ನೆಲಕ್ಕೆ ಒತ್ತಿ, ಅಲ್ಲಿ ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳು ಸುಮ್ಮನಾದರೆ ನನಗೆ ತಡೆಯದು. ಇನ್ನೇನು ಹೆಗಲು ಹಿಡಿದು ಎಬ್ಬಿಸಬೇಕು, ಅಷ್ಟರಲ್ಲಿ ನೆಲಕ್ಕೇ ಬಾಯಿ ಇಟ್ಟು, ಹೊಳೆಯ ಆಚೆಗೆ ಕೇಳುವ ಹಾಗೆ ಒದರಿದಳು:

"ನೀಲವ್ವಾ! ನಾ ನೀಲಾ! ನಾ ಮ್ಯಾಲೆ ಅದೇನಿ!"

ಗಾಳಿ ಇರಲಿಲ್ಲ. ಆದರೂ ದೀಪ ಒಮ್ಮೆ ಅವಳ ಕಡೆಗೆ ಬಾಗಿತು. ಆಮೇಲೆ ನೆಟ್ಟಗೆ ನಿಂತಿತು.